ಕರುಳು ಮತ್ತು ಕ್ರಯಪತ್ರ

ಕ್ರಿ.ಪೂ. 587ರ ಸುಮಾರು. ಬ್ಯಾಬಿಲೋನಿನ ಸೈನ್ಯ ಯೆರೂಸಲೇಮ್ ಪಟ್ಟಣಕ್ಕೆ ಮುತ್ತಿಗೆ ಹಾಕಿತ್ತು. ಗೋಡೆಯ ಹೊರಗೆ ಮಣ್ಣಿನ ದಿಬ್ಬಗಳು ಏಳುತ್ತಿದ್ದವು. ಒಳಗೆ ಹಸಿವು ಮತ್ತು ರೋಗ. ಅರಮನೆಯ ಕಾವಲಿನ ಅಂಗಳದಲ್ಲಿ ಯೆರೆಮೀಯ ಎಂಬ ಪ್ರವಾದಿ ಸೆರೆಯಲ್ಲಿದ್ದ. ಪಟ್ಟಣ ಬೀಳುತ್ತದೆ, ರಾಜ ಚಿದ್ಕೀಯ ಶತ್ರುವಿನ ಕೈಗೆ ಸಿಗುತ್ತಾನೆ ಎಂದು ಸಾರಿದ್ದೇ ಅವನ ಅಪರಾಧ.

ಆ ಸೆರೆಗೆ ಒಂದು ದಿನ ಅವನ ದಾಯಾದಿ, ತಂದೆಯ ಸೋದರನ ಮಗ ಹನಮೇಲ, ಬಂದ. ಬಂದದ್ದು ಕುಶಲ ಕೇಳಲಿಕ್ಕಲ್ಲ, ಹೊಲ ಮಾರಲಿಕ್ಕೆ. ಯೆರೂಸಲೇಮಿನಿಂದ ನಾಲ್ಕೈದು ಕಿಲೋಮೀಟರ್ ದೂರದ ಅನಾತೋತ್ ಅವರಿಬ್ಬರ ಊರು. ಅಲ್ಲಿನ ತನ್ನ ಹೊಲವನ್ನು ಯೆರೆಮೀಯನೇ ಕೊಳ್ಳಬೇಕು, ಬಿಡಿಸಿಕೊಳ್ಳುವ ಹಕ್ಕು ಮೊದಲು ಸಲ್ಲುವುದು ಅವನಿಗೇ ಎಂಬುದು ಹನಮೇಲನ ವಾದ.

ಯೆರೆಮೀಯ ಕೊಂಡ. 17 ಶೆಕೆಲ್ ಬೆಳ್ಳಿ ಕೊಟ್ಟ. ಆ ಸೀಮೆಯಲ್ಲಿ ಆಗ ನಾಣ್ಯದ ಬಳಕೆ ಇರಲಿಲ್ಲವಾದ್ದರಿಂದ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿಕೊಡಬೇಕು. ಇಂದಿನ ತೂಕದಲ್ಲಿ ಅದು ಸುಮಾರು 190 ಗ್ರಾಂ. ಕ್ರಯಪತ್ರ ಬರೆದದ್ದಾಯಿತು, ಸಾಕ್ಷಿಗಳು ಸಹಿ ಹಾಕಿದರು. ಪತ್ರದ ಒಂದು ಪ್ರತಿಗೆ ಮುದ್ರೆ ಒತ್ತಿ ಮುಚ್ಚಲಾಯಿತು. ಇನ್ನೊಂದು ಪ್ರತಿಯನ್ನು ಬೇಕಾದಾಗ ಓದಲು ತೆರೆದಿಡಲಾಯಿತು. ಅಂಗಳದಲ್ಲಿದ್ದವರೆಲ್ಲರ ಎದುರು ಯೆರೆಮೀಯ ಎರಡನ್ನೂ ತನ್ನ ಲಿಪಿಕಾರ ಬಾರೂಕನ ಕೈಗೆ ಕೊಟ್ಟ. ಮಣ್ಣಿನ ಗಡಿಗೆಯಲ್ಲಿ ಹಾಕಿಡು, ಬಹುಕಾಲ ಕೆಡದೆ ಉಳಿಯಬೇಕು ಎಂದು ಹೇಳಿದ.

ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯದಲ್ಲಿ ಬರುವ ಈ ವ್ಯವಹಾರ ಯಾವ ಲೆಕ್ಕದಲ್ಲೂ ಲಾಭದ್ದಲ್ಲ. ಸುತ್ತಲ ಸೀಮೆಯಲ್ಲೆಲ್ಲ ಶತ್ರುಸೈನ್ಯ ಬೀಡುಬಿಟ್ಟಿದ್ದಾಗ ಹೊಲವನ್ನು ಉಳುವ ಮಾತೇ ಇರಲಿಲ್ಲ. ಕೊಂಡವನಿಗೆ ಹೆಂಡತಿ ಮಕ್ಕಳಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಇದೇ ಅನಾತೋತಿನ ಜನ ಹಿಂದೊಮ್ಮೆ ಅವನನ್ನು ಕೊಲ್ಲಲು ಸಂಚು ಹೂಡಿದ್ದರೆಂದು ಅದೇ ಗ್ರಂಥ ಹೇಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಾಡು ಹಾಳಾಗುತ್ತದೆ ಎಂದು ನಲವತ್ತು ವರ್ಷದಿಂದ ಹೇಳಿಕೊಂಡು ಬಂದವನೇ ಅದೇ ನಾಡಿನಲ್ಲಿ ಜಮೀನು ಕೊಂಡಿದ್ದ. ಪತ್ರವನ್ನು ಬಾರೂಕನ ಕೈಗೆ ಕೊಟ್ಟ ಮೇಲೆ ಅವನಿಗೂ ದಿಗಿಲಾಯಿತು. ಪಟ್ಟಣ ಕೈತಪ್ಪುತ್ತಿರುವಾಗ ಹೊಲ ಕೊಳ್ಳಲು ಹೇಳಿದ್ದೇಕೆ ಎಂದು ಅವನು ದೇವರನ್ನೇ ಕೇಳುತ್ತಾನೆ. ಈ ನಾಡಿನಲ್ಲಿ ಜನ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳನ್ನು ಕೊಳ್ಳುತ್ತಾರೆ, ಪತ್ರ ಬರೆಸುತ್ತಾರೆ, ಸಾಕ್ಷಿ ಹಾಕಿಸುತ್ತಾರೆ ಎಂಬುದು ಅವನಿಗೆ ಸಿಕ್ಕ ಉತ್ತರದ ಸಾರ.

ದೇವರ ಕರುಣೆ ಎಂದರೆ ಇಲ್ಲಿ ಆಕಾಶದಿಂದ ಇಳಿಯುವ ಪವಾಡವಲ್ಲ. ನಾಡಿನಲ್ಲಿ ಮತ್ತೆ ಕ್ರಯಪತ್ರಗಳು ಬರೆಯಲ್ಪಡುವುದು, ಅಷ್ಟೇ. ಹೀಬ್ರೂ ಪ್ರವಾದಿಗಳು ಇಸ್ರಾಯೇಲಿನ ಪುನಃಸ್ಥಾಪನೆಯ ಬಗ್ಗೆ ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಈ ಗಡಿಗೆಯೇ ಒಳ್ಳೆಯ ದಾರಿ. ಅವರ ಮಾತಿನಲ್ಲಿ ಕರುಣೆಗೆ ಎರಡು ಬೇರುಗಳಿವೆ. ಒಂದು ಹೆತ್ತವರ ಕರುಳು. ಇನ್ನೊಂದು ಕೈತಪ್ಪಿದ್ದನ್ನು ಬಿಡಿಸಿ ತರುವ ದಾಯಾದಿಯ ಹೊಣೆ.

ಕರುಣೆ ಇಲ್ಲದವಳೆಂಬ ಮಗಳು

ಕಥೆ ಯೆರೆಮೀಯನಿಗಿಂತ ಒಂದೂವರೆ ಶತಮಾನ ಹಿಂದೆ ಶುರುವಾಗುತ್ತದೆ. ಆಗ ಇಸ್ರಾಯೇಲ್ಯರದು ಎರಡು ರಾಜ್ಯ. ಉತ್ತರದ್ದು ಇಸ್ರಾಯೇಲ್, ಅದರ ರಾಜಧಾನಿ ಸಮಾರ್ಯ. ದಕ್ಷಿಣದ್ದು ಯೆಹೂದ, ಅದರ ರಾಜಧಾನಿ ಯೆರೂಸಲೇಮ್. ಕ್ರಿ.ಪೂ. ಎಂಟನೆಯ ಶತಮಾನದ ನಡುವೆ, ಎರಡನೆಯ ಯಾರೊಬ್ಬಾಮನ ಆಳ್ವಿಕೆಯಲ್ಲಿ, ಉತ್ತರ ರಾಜ್ಯ ಸಿರಿಯ ತುದಿಯಲ್ಲಿತ್ತು. ಆ ಕಾಲದ ಪ್ರವಾದಿ ಹೋಶೇಯ ತನ್ನ ಮನೆಯನ್ನೇ ಸಂದೇಶವಾಗಿಸಿದ. ಅವನ ಮೂವರು ಮಕ್ಕಳ ಹೆಸರುಗಳು ಊರಿನವರು ಕೇಳಿದರೆ ಬೆಚ್ಚುವಂಥವು. ಮೊದಲ ಮಗ ಇಜ್ರೇಲ್, ಹಿಂದಿನ ಅರಸು ವಂಶದ ರಕ್ತ ಹರಿದ ಕಣಿವೆಯ ಹೆಸರು. ಮಗಳು ಲೋ-ರುಹಾಮ, ಎಂದರೆ ಕರುಣೆ ಕಾಣದವಳು. ಕೊನೆಯ ಮಗ ಲೋ-ಅಮ್ಮೀ, ಎಂದರೆ ನನ್ನ ಜನವಲ್ಲ.

ಮೂರನೆಯ ಹೆಸರು ಒಂದು ಒಪ್ಪಂದ ಮುರಿದದ್ದರ ಘೋಷಣೆ. ದೇವರಿಗೂ ಜನಕ್ಕೂ ಇದ್ದ ಸಂಬಂಧ ಒಡಂಬಡಿಕೆಯದು. ಬಡವರನ್ನು ಹಿಂಡುವುದು, ಅನ್ಯ ದೇವತೆಗಳ ಹಿಂದೆ ಹೋಗುವುದು ಆ ಒಡಂಬಡಿಕೆಯನ್ನು ಮುರಿದಂತೆ. ಆದರೆ ಅದೇ ಗ್ರಂಥದ ಮುಂದಿನ ಅಧ್ಯಾಯದಲ್ಲಿ ಆ ಹೆಸರುಗಳೇ ತಿರುಗುತ್ತವೆ. ‘ಲೋ’ ಎಂಬ ಇಲ್ಲದ ಅಕ್ಷರವನ್ನು ತೆಗೆದುಹಾಕಿದರೆ ರುಹಾಮ, ಅಮ್ಮೀ ಉಳಿಯುತ್ತವೆ: ಕರುಣೆ ಕಂಡವಳು, ನನ್ನ ಜನ. ಹನ್ನೊಂದನೆಯ ಅಧ್ಯಾಯದಲ್ಲಿ ದೇವರು ಮಗುವಿಗೆ ನಡೆಯಲು ಕಲಿಸಿದ, ಬಗ್ಗಿ ಉಣ್ಣಿಸಿದ ಹೆತ್ತವರಂತೆ ಮಾತಾಡುತ್ತಾನೆ. ತಿರುಗಿಬಿದ್ದ ಆ ಮಗನನ್ನು ಕೈಬಿಡಲು ಹೊರಟವನು ನಡುವೆಯೇ ತಡೆಯುತ್ತಾನೆ. ತಾನು ಮನುಷ್ಯನಲ್ಲ, ದೇವರು. ಆದ್ದರಿಂದ ಸಿಟ್ಟನ್ನು ಕೊನೆಯವರೆಗೂ ಒಯ್ಯುವುದಿಲ್ಲ ಎಂಬ ವಾದ ಅಲ್ಲಿದೆ. ಸಿಟ್ಟು ತೀರಿಸಿಕೊಳ್ಳುವುದು ಮನುಷ್ಯರ ಗುಣ, ತಡೆದುಕೊಳ್ಳುವುದೇ ದೈವತ್ವ ಎಂಬ ಈ ಮಾತು ಎಂಟನೆಯ ಶತಮಾನದ ಪಶ್ಚಿಮ ಏಷ್ಯಾದಲ್ಲಿ ಸಣ್ಣದಾಗಿರಲಿಲ್ಲ.

ಆದರೂ ಉತ್ತರ ರಾಜ್ಯ ಉಳಿಯಲಿಲ್ಲ. ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯ ಅಶ್ಶೂರದ ಕೈಗೆ ಬಿತ್ತು. ಅಲ್ಲಿಂದ 27 ಸಾವಿರಕ್ಕೂ ಹೆಚ್ಚು ಜನರನ್ನು ಸಾಗಿಸಿದೆನೆಂದು ಅಶ್ಶೂರದ ಅರಸ ಎರಡನೆಯ ಸರ್ಗೋನ ತನ್ನ ಶಾಸನಗಳಲ್ಲಿ ಬರೆಸಿದ. ಸೋತ ನಾಡಿನ ಜನರನ್ನು ಬೇರೆ ಬೇರೆ ಪ್ರಾಂತಗಳಿಗೆ ಚದುರಿಸುವುದು, ಅವರ ಜಾಗದಲ್ಲಿ ಇನ್ನಾವುದೋ ನಾಡಿನವರನ್ನು ತಂದು ಕೂರಿಸುವುದು ಅಶ್ಶೂರದ ಆಡಳಿತ ಪದ್ಧತಿ. ಹಾಗೆ ಹೋದವರು ಹೋದಲ್ಲಿಯ ಜನರಲ್ಲಿ ಕರಗಿಹೋದರು. ಕಳೆದುಹೋದ ಹತ್ತು ಕುಲಗಳು ಎಂಬ ಮಾತು ಹುಟ್ಟಿದ್ದು ಇವರಿಂದಲೇ.

ಅನುವಾದಕರನ್ನು ಕಾಡಿದ ಪದ

ಹೋಶೇಯನ ಮಗಳ ಹೆಸರಿನಲ್ಲಿರುವ ಧಾತುವಿನಿಂದಲೇ ‘ರಹಮೀಮ್’ ಎಂಬ ಹೀಬ್ರೂ ಪದವೂ ಬಂದಿದೆ. ಕರುಣೆ ಎಂದು ಅದರ ಅರ್ಥ. ಇದೇ ಧಾತುವಿನ ‘ರೆಹೆಮ್’ ಎಂದರೆ ಗರ್ಭ. ಕರುಣೆ ಎಂಬುದು ಮೇಲೆ ಕೂತ ದೊರೆ ಕೆಳಗಿರುವವನಿಗೆ ತೋರಿಸುವ ಔದಾರ್ಯವಲ್ಲ. ಹೊತ್ತವಳಿಗೆ ಹೆತ್ತ ಕೂಸಿನ ಮೇಲಿರುವ ಸೆಳೆತ. ಇದರ ಜೊತೆಗೆ ಬರುವ ಇನ್ನೊಂದು ಪದ ‘ಹೆಸೆದ್’. ಅದು ಒಪ್ಪಂದಕ್ಕೆ ಬದ್ಧನಾದವನ ನಿಷ್ಠೆ, ಎದುರಿನವನು ಮಾತು ತಪ್ಪಿದರೂ ತಾನು ತಪ್ಪದಿರುವುದು.

ಯೆರೆಮೀಯನ 31ನೆಯ ಅಧ್ಯಾಯದಲ್ಲಿ ಈ ಸೆಳೆತ ಇನ್ನೂ ದೇಹಕ್ಕೆ ಇಳಿಯುತ್ತದೆ. ಅಲ್ಲಿ ಮೊದಲು ರಾಮಾ ಎಂಬ ಊರಿನಲ್ಲಿ ಪೂರ್ವಜೆ ರಾಹೇಲಳ ಅಳು ಕೇಳುತ್ತದೆ. ಮಕ್ಕಳಿಲ್ಲವಾದರೆಂದು ಅವಳು ಸಮಾಧಾನವನ್ನೇ ಒಲ್ಲಳು. ನಂತರ ದೇವರು ಎಫ್ರಾಯೀಮನನ್ನು, ಎಂದರೆ ಉತ್ತರದ ಕುಲಗಳನ್ನು, ಮುದ್ದಿನ ಮಗನೆಂದು ನೆನೆಯುತ್ತಾನೆ. ಬೈದಾಗಲೆಲ್ಲ ಅವನ ನೆನಪೇ ಬರುತ್ತದೆ, ತನ್ನ ಒಳಗು ಅವನಿಗಾಗಿ ಮಿಡಿಯುತ್ತದೆ ಎನ್ನುತ್ತಾನೆ. ಆ ಒಳಗಿಗೆ ಹೀಬ್ರೂವಿನಲ್ಲಿರುವ ಪದದ ನೇರ ಅರ್ಥ ಕರುಳು. 1611ರ ಇಂಗ್ಲಿಷ್ ಅನುವಾದ ಅದನ್ನು ಹಾಗೆಯೇ ಇಟ್ಟಿತ್ತು. ಇಂದಿನ ಇಂಗ್ಲಿಷ್ ಓದುಗರಿಗೆ ಕರುಳೆಂದರೆ ಜೀರ್ಣಾಂಗ ಮಾತ್ರ. ಹಾಗಾಗಿ ಹೊಸ ಅನುವಾದಗಳು ಹಲವು ಅದನ್ನು ಹೃದಯವೆಂದು ಬದಲಿಸಿವೆ. ಕನ್ನಡಕ್ಕೆ ಈ ತೊಡಕೇ ಇಲ್ಲ. ತಾಯಿ ಕರುಳು, ಹೆತ್ತ ಕರುಳು, ಕರುಳಬಳ್ಳಿ, ಕರುಳು ಕಿವುಚಿತು ಎನ್ನುವ ಭಾಷೆಯಲ್ಲಿ ಯೆರೆಮೀಯನ ಪದ ಒಂದಿಷ್ಟೂ ಸವೆಯದೆ ಬಂದು ಕೂರುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಯೆರೆಮೀಯನ ಕಾಲಕ್ಕೆ ಎಫ್ರಾಯೀಮ್ ಅಳಿದು ನೂರು ವರ್ಷ ಮೀರಿತ್ತು. ರಾಜ್ಯವಿಲ್ಲ, ರಾಜಧಾನಿಯಿಲ್ಲ, ಜನ ಎಲ್ಲಿದ್ದಾರೆಂದು ಹೇಳುವವರಿಲ್ಲ. ಆದರೂ ಮಗನನ್ನು ಹೆಸರು ಹಿಡಿದು ಕರೆಯುವುದನ್ನು ಪ್ರವಾದಿ ಬಿಡುವುದಿಲ್ಲ.

ಎರಡು ವರ್ಷದ ಭರವಸೆ, ಎಪ್ಪತ್ತು ವರ್ಷದ ಭರವಸೆ

ಯೆಹೂದದ ಸರದಿ ಬಂದದ್ದು ಕ್ರಿ.ಪೂ. 597ರಲ್ಲಿ. ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದ; ಬ್ಯಾಬಿಲೋನಿನ ವೃತ್ತಾಂತ ಫಲಕವೊಂದರಲ್ಲಿ ಅದರ ದಿನಾಂಕವೂ ದಾಖಲಾಗಿದೆ. ಎಳೆಯ ರಾಜ ಯೆಹೋಯಾಖೀನ, ಅವನ ತಾಯಿ, ಅಧಿಕಾರಿಗಳು, ಕುಶಲಕರ್ಮಿಗಳು ಸೆರೆಹೋದರು. ಚಿದ್ಕೀಯ ಬ್ಯಾಬಿಲೋನಿನ ಸಾಮಂತನಾಗಿ ಪಟ್ಟಕ್ಕೆ ಬಂದ. ಇದು ತಾತ್ಕಾಲಿಕ, ಸದ್ಯದಲ್ಲೇ ಎಲ್ಲ ಸರಿಹೋಗುತ್ತದೆ ಎಂದು ಯೆರೂಸಲೇಮಿನಲ್ಲಿ ಬಹಳ ಜನ ನಂಬಿದ್ದರು.

ಆ ನಂಬಿಕೆಗೆ ದನಿಯಾದವನು ಹನನ್ಯ ಎಂಬ ಇನ್ನೊಬ್ಬ ಪ್ರವಾದಿ. ಬ್ಯಾಬಿಲೋನಿಗೆ ತಲೆಬಾಗಿ ಎಂದು ತೋರಿಸಲು ಯೆರೆಮೀಯ ಹೆಗಲ ಮೇಲೆ ಮರದ ನೊಗ ಹೊತ್ತು ತಿರುಗುತ್ತಿದ್ದ. ಆ ನೊಗವನ್ನು ಎಲ್ಲರೆದುರು ಮುರಿಯುವ ಮೊದಲು ಹನನ್ಯ ದೇವಾಲಯದಲ್ಲಿ, ಎರಡೇ ವರ್ಷದಲ್ಲಿ ರಾಜನೂ ದೇವಾಲಯದ ಪಾತ್ರೆಗಳೂ ಹಿಂದಿರುಗುತ್ತವೆ ಎಂದು ಸಾರಿದ. ಅದನ್ನು ಕೇಳಿ ಯೆರೆಮೀಯ ಮೊದಲು ಹೇಳಿದ್ದು ಆಮೆನ್, ಹಾಗೇ ಆಗಲಿ ಎಂದು. ಅವನಿಗೂ ಅದೇ ಬೇಕಿತ್ತು. ಆದರೆ ಬೇಕಾದದ್ದೆಲ್ಲ ನಿಜವಲ್ಲವೆಂದು ಅವನಿಗೆ ಗೊತ್ತಿತ್ತು.

ಬ್ಯಾಬಿಲೋನಿನಲ್ಲಿದ್ದ ಸೆರೆಯವರಿಗೆ ಅವನು ಕಳಿಸಿದ ಪತ್ರ 29ನೆಯ ಅಧ್ಯಾಯದಲ್ಲಿದೆ. ಚಿದ್ಕೀಯನ ರಾಯಭಾರಿಗಳೇ ಅದನ್ನು ಒಯ್ದರು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಪಟ್ಟಣದ ಕ್ಷೇಮವನ್ನು ಬಯಸಿ ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬುದು ಅದರ ತಾತ್ಪರ್ಯ. ಮರಳುವಿಕೆ ಇದೆ, ಆದರೆ ಎಪ್ಪತ್ತು ವರ್ಷದ ಮೇಲೆ. ಪತ್ರವನ್ನು ಕೇಳುತ್ತಿದ್ದ ದೊಡ್ಡವರ ಪಾಲಿಗೆ ಅದರ ಅರ್ಥ ಸ್ಪಷ್ಟ: ನೀವು ಊರು ಕಾಣುವುದಿಲ್ಲ, ನಿಮ್ಮ ಮೊಮ್ಮಕ್ಕಳು ಕಾಣಬಹುದು. ಸೆರೆಯವರಲ್ಲಿ ಒಬ್ಬ ಸಿಟ್ಟಿಗೆದ್ದು, ಈ ಹುಚ್ಚನಿಗೆ ಕೋಳ ತೊಡಿಸಬಾರದೇಕೆ ಎಂದು ಯೆರೂಸಲೇಮಿನ ಯಾಜಕನಿಗೆ ಬರೆದ.

ಎರಡು ವರ್ಷದ ಭರವಸೆ ಕಿವಿಗೆ ಇಂಪು; ಅದು ಸುಳ್ಳಾದ ದಿನ ನಂಬಿಕೆಯೂ ಅದರೊಂದಿಗೇ ಸಾಯುತ್ತದೆ. ಎಪ್ಪತ್ತು ವರ್ಷದ ಭರವಸೆ ಕಹಿ. ಆದರೆ ಅದನ್ನು ಇಟ್ಟುಕೊಂಡು ಬದುಕು ಕಟ್ಟಬಹುದು. ಉತ್ತರದವರಂತೆ ಯೆಹೂದದವರೂ ಕರಗಿಹೋಗದಿರಲು ಇದೊಂದು ಕಾರಣ. ಇನ್ನೊಂದು ಕಾರಣ ಆಡಳಿತದ್ದು. ಬ್ಯಾಬಿಲೋನಿಗರು ಸೆರೆತಂದವರನ್ನು ಅಶ್ಶೂರದವರಂತೆ ಚೂರುಚೂರಾಗಿ ಹರಡಲಿಲ್ಲ; ಒಂದೊಂದು ನಾಡಿನವರನ್ನು ಒಟ್ಟಾಗಿ ಕೂರಿಸಿ ಪಾಳುಭೂಮಿ ಸಾಗುವಳಿಗೆ ಹಚ್ಚಿದರು.

ಇದಕ್ಕೆ ಮಣ್ಣಿನ ಸಾಕ್ಷಿಯೇ ಇದೆ. ಬ್ಯಾಬಿಲೋನಿನ ಅರಮನೆಯ ಅವಶೇಷಗಳಲ್ಲಿ ದೊರೆತ ಉಗ್ರಾಣದ ಫಲಕಗಳನ್ನು ಅರ್ನ್ಸ್ಟ್ ವೈಡ್ನರ್ 1939ರಲ್ಲಿ ಪ್ರಕಟಿಸಿದರು. ಯೆಹೂದದ ರಾಜ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಕೊಟ್ಟ ಎಣ್ಣೆಯ ಪಡಿ ಅವುಗಳಲ್ಲಿ ಲೆಕ್ಕವಾಗಿದೆ. 2014ರಲ್ಲಿ ಪ್ರಕಟವಾದ ಇನ್ನೊಂದು ಫಲಕ ಸಮೂಹದಲ್ಲಿ ಆಲ್-ಯಾಹೂದು, ಎಂದರೆ ಯೆಹೂದದವರ ಊರು, ಎಂಬ ಗ್ರಾಮದ ವ್ಯವಹಾರಗಳಿವೆ. ಉತ್ಖನನದಲ್ಲಿ ಸಿಗದೆ ಪ್ರಾಚೀನ ವಸ್ತುಗಳ ಮಾರುಕಟ್ಟೆಯಿಂದ ಬಂದ ಈ ಫಲಕಗಳಲ್ಲಿ ಅತಿ ಹಳೆಯದು ಕ್ರಿ.ಪೂ. 572ರದ್ದು. ಯೆರೂಸಲೇಮ್ ಸುಟ್ಟು ಹದಿನೈದು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲೇ ತಮ್ಮ ದೇವರ ಹೆಸರನ್ನು ಮಕ್ಕಳ ಹೆಸರಿಗೆ ಸೇರಿಸಿಕೊಂಡ ಒಕ್ಕಲುಗಳು ಬಾರ್ಲಿ, ಖರ್ಜೂರದ ಸಾಲ ತೆರಿಗೆಗಳ ಲೆಕ್ಕದಲ್ಲಿ ಮುಳುಗಿದ್ದವು. ಪತ್ರ ಹೇಳಿದಂತೆಯೇ ಅವರು ನೆಲೆಯೂರಿದ್ದರು. ಹೆಸರನ್ನು ಮಾತ್ರ ಬಿಟ್ಟಿರಲಿಲ್ಲ.

ಬೆಂಕಿ ಉಳಿಸಿದ ಮುದ್ರೆಗಳು

ಕ್ರಿ.ಪೂ. 586ರಲ್ಲಿ (ಕೆಲವರ ಗಣನೆಯಲ್ಲಿ 587) ಯೆರೂಸಲೇಮ್ ಬಿತ್ತು. ದೇವಾಲಯ, ಅರಮನೆ, ಮನೆಗಳು ಸುಟ್ಟವು. ಚಿದ್ಕೀಯನ ಕಣ್ಣೆದುರೇ ಅವನ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣು ಕಿತ್ತರು. ಯೆರೆಮೀಯನ ಗ್ರಂಥದ ಕೊನೆಯ ಅಧ್ಯಾಯ ಮೂರು ಬಾರಿ ಸೆರೆಹೋದವರ ಲೆಕ್ಕ ಕೊಡುತ್ತದೆ: 3,023, 832, 745, ಒಟ್ಟು 4,600. ಜಗತ್ತಿನ ಧರ್ಮಗಳ ಚರಿತ್ರೆಯನ್ನೇ ತಿರುಗಿಸಿದ ಒಂದು ಗಡೀಪಾರಿಗೆ ಇದು ಅಚ್ಚರಿಪಡುವಷ್ಟು ಸಣ್ಣ ಸಂಖ್ಯೆ.

1982ರಲ್ಲಿ ಯೆರೂಸಲೇಮಿನ ಹಳೆಯ ದಿಣ್ಣೆಯಲ್ಲಿ ಯಿಗಾಲ್ ಶಿಲೋಹ್ ನಡೆಸಿದ ಉತ್ಖನನದಲ್ಲಿ, ಆ ಬೆಂಕಿಯ ಪದರದಲ್ಲೇ, ಐವತ್ತರಷ್ಟು ಮಣ್ಣಿನ ಮುದ್ರೆಗಳು ಸಿಕ್ಕವು. ಪಪೈರಸ್ ಪತ್ರಗಳನ್ನು ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಹಸಿಮಣ್ಣಿಟ್ಟು ಒತ್ತಿದ ಮುದ್ರೆಗಳವು. ಬೆಂಕಿ ಪತ್ರಗಳನ್ನು ಬೂದಿಮಾಡಿತು. ಅದೇ ಬೆಂಕಿ ಮಣ್ಣನ್ನು ಸುಟ್ಟು ಗಟ್ಟಿಮಾಡಿ ಮುದ್ರೆಗಳನ್ನು ಉಳಿಸಿತು. ಒಂದರ ಮೇಲೆ ಶಾಫಾನನ ಮಗ ಗೆಮರ್ಯ ಎಂದಿದೆ. ಯೆರೆಮೀಯನ ಸುರುಳಿಯನ್ನು ಬಾರೂಕ ಜನರಿಗೆ ಓದಿಹೇಳಿದ್ದು ಈ ಹೆಸರಿನ ಅಧಿಕಾರಿಯ ಕೋಣೆಯಲ್ಲೇ ಎಂದು 36ನೆಯ ಅಧ್ಯಾಯ ಹೇಳುತ್ತದೆ.

ಇಷ್ಟು ದೊಡ್ಡ ನಾಶಕ್ಕೆ ಅರ್ಥ ಹಚ್ಚುವುದು ಸುಲಭವಿರಲಿಲ್ಲ. ಆ ಕಾಲದ ಸಾಮಾನ್ಯ ತರ್ಕದಂತೆ, ಬ್ಯಾಬಿಲೋನಿನ ದೇವರು ಮರ್ದೂಕ ಗೆದ್ದ, ಯೆಹೂದದ ದೇವರು ಸೋತ. ಐಗುಪ್ತಕ್ಕೆ ಓಡಿಹೋದ ಗುಂಪಿನ ಹೆಂಗಸರು ಯೆರೆಮೀಯನ ಮುಖಕ್ಕೇ ಇನ್ನೊಂದು ಉತ್ತರ ಕೊಟ್ಟರು. ಗಗನದ ಒಡತಿಗೆ ಹೋಳಿಗೆ ಮಾಡಿ, ಧೂಪ ಹಾಕುತ್ತಿದ್ದಾಗ ಎಲ್ಲ ಚೆನ್ನಾಗಿತ್ತು. ನಿಮ್ಮ ಮಾತು ಕೇಳಿ ನಿಲ್ಲಿಸಿದ ಮೇಲೆ ಹಸಿವು ಬಂತು, ಕತ್ತಿ ಬಂತು ಎಂಬುದು ಅವರ ಲೆಕ್ಕ. ಪ್ರವಾದಿಗಳ ಉತ್ತರ ಮೂರನೆಯದು: ನಮ್ಮ ದೇವರು ಸೋತಿಲ್ಲ, ಶಿಕ್ಷಿಸಿದ್ದಾನೆ. ಕೇಳಲು ಇದು ಇನ್ನೂ ಕ್ರೂರ. ಆದರೆ ಸೋತ ದೇವರಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. ಶಿಕ್ಷಿಸಿದ ತಂದೆ ಮತ್ತೆ ಕರೆಯಬಹುದು. ಕರುಣೆಗೆ ಜಾಗ ಹುಟ್ಟಿದ್ದು ಈ ಕಠೋರ ಉತ್ತರದ ಒಳಗೇ.

ಆ ಕರೆ ತಕ್ಷಣ ಬರಲಿಲ್ಲ. ಪಾಳುಬಿದ್ದ ಪಟ್ಟಣವನ್ನು ಕುರಿತ ಪ್ರಲಾಪಗಳ ಗ್ರಂಥದ ನಟ್ಟನಡುವೆ ದೇವರ ಕರುಣೆ ದಿನದಿನವೂ ಹೊಸದೆಂಬ ಮಾತು ಬರುತ್ತದೆ. ಆದರೆ ಗ್ರಂಥ ಮುಗಿಯುವುದು, ನಮ್ಮನ್ನು ಪೂರಾ ತಳ್ಳಿಬಿಟ್ಟೆಯೋ ಎಂಬ ಅನುಮಾನದಲ್ಲಿ. ಸಿನಗಾಗ್‌ಗಳಲ್ಲಿ ಇದನ್ನು ಓದುವವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಅದರ ಹಿಂದಿನ ಸಾಲನ್ನು, ನಮ್ಮನ್ನು ತಿರುಗಿಸಿಕೋ ಎಂಬ ಬೇಡಿಕೆಯನ್ನು, ಮತ್ತೊಮ್ಮೆ ಓದಿ ಮುಗಿಸುತ್ತಾರೆ. ಮೂಲವನ್ನು ತಿದ್ದದೆಯೇ ಕೊನೆಯನ್ನು ಬದಲಿಸಿದ ರೂಢಿ ಅದು.

ಯೋಗ್ಯತೆಗೆ ಸಿಕ್ಕದ ಮರಳುವಿಕೆ

597ರಲ್ಲೇ ಸೆರೆಹೋದ ಯಾಜಕ ಯೆಹೆಜ್ಕೇಲ ಬ್ಯಾಬಿಲೋನಿನ ಕೆಬಾರ್ ಕಾಲುವೆಯ ದಡದಲ್ಲಿದ್ದ. ಅವನ ದನಿಯಲ್ಲಿ ಹೋಶೇಯನ ಮಮತೆ ಕಡಿಮೆ. ಇಸ್ರಾಯೇಲ್ ಮರಳುವುದು ಅದರ ಯೋಗ್ಯತೆಯಿಂದಲ್ಲ, ಜನಾಂಗಗಳ ನಡುವೆ ಕೆಟ್ಟುಹೋದ ದೇವರ ಹೆಸರಿಗಾಗಿ ಎಂದು 36ನೆಯ ಅಧ್ಯಾಯದಲ್ಲಿ ಅವನು ಖಡಾಖಂಡಿತವಾಗಿ ಹೇಳುತ್ತಾನೆ. ಕೇಳಿದರೆ ಅವಮಾನದಂತಿದೆ. ಆದರೆ ಇದರಲ್ಲೊಂದು ನೆಮ್ಮದಿಯೂ ಇದೆ. ಯೋಗ್ಯತೆಯಿಂದ ಬರುವುದಾದರೆ ಅದು ಎಂದೂ ಬರಲಾರದು. ಯೋಗ್ಯತೆಯನ್ನು ಕೇಳದೆ ಬರುವುದನ್ನು ಜನರ ತಪ್ಪು ತಡೆಯಲಾರದು. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವ ಮಾತು ಬರುವುದು ಇದರ ಬೆನ್ನಿಗೇ.

ಮುಂದಿನ ಅಧ್ಯಾಯದಲ್ಲಿ ಒಣಮೂಳೆಗಳ ಬಯಲು. ನಮ್ಮ ಎಲುಬು ಒಣಗಿಹೋಯಿತು, ನಮ್ಮ ಕಥೆ ಮುಗಿಯಿತು ಎಂಬುದು ಸೆರೆಯವರ ಬಾಯಲ್ಲಿ ಓಡಾಡುತ್ತಿದ್ದ ಮಾತು. ಯೆಹೆಜ್ಕೇಲ ಅದನ್ನೇ ಹಿಡಿದು ದರ್ಶನವಾಗಿಸಿದ: ಮೂಳೆಗೆ ಮೂಳೆ ಕೂಡುತ್ತದೆ, ನರ, ಮಾಂಸ, ಚರ್ಮ ಬರುತ್ತವೆ, ಕೊನೆಗೆ ಉಸಿರು. ಆ ನಂತರ ಯೆಹೂದ ಮತ್ತು ಯೋಸೇಫ ಎಂದು ಬರೆದ ಎರಡು ಕೋಲುಗಳು ಅವನ ಕೈಯಲ್ಲಿ ಒಂದಾಗುತ್ತವೆ. ಕಳೆದುಹೋದ ಉತ್ತರದವರನ್ನು ಅವನೂ ಬಿಟ್ಟಿಲ್ಲ. ರೋಮನರಿಗೆ ಕೊನೆಯವರೆಗೂ ಎದುರುನಿಂತ ಮಸಾದ ಕೋಟೆಯ ಸಿನಗಾಗ್ ನೆಲದಡಿಯಲ್ಲಿ 1960ರ ದಶಕದ ಉತ್ಖನನದಲ್ಲಿ ದೊರೆತ ಚರ್ಮದ ಸುರುಳಿಯ ತುಣುಕುಗಳಲ್ಲಿ ಇದೇ ಅಧ್ಯಾಯವಿತ್ತು.

ಗ್ರಂಥದ ಕೊನೆಯಲ್ಲಿ ಯೆಹೆಜ್ಕೇಲ ನಾಡನ್ನು ಕುಲಗಳಿಗೆ ಮರುಹಂಚುತ್ತಾನೆ. ಅಲ್ಲಿ ಸುಲಭವಾಗಿ ಕಣ್ಣುತಪ್ಪುವ ಒಂದು ನಿಯಮವಿದೆ. ಇಸ್ರಾಯೇಲ್ಯರ ನಡುವೆ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಗಳಿಗೂ ಜಮೀನಿನಲ್ಲಿ ಸ್ವದೇಶಿಗಳಷ್ಟೇ ಪಾಲು. ಹೊರಗಿನವರ ಬಗ್ಗೆ ಇಷ್ಟೊಂದು ಕಟ್ಟುನಿಟ್ಟಾದ ಯಾಜಕನಿಂದ ಬಂದ ಮಾತಿದು.

ದಾಯಾದಿ ದೇವರು, ಅನ್ಯ ದೊರೆ

ಯೆಶಾಯನ ಗ್ರಂಥದಲ್ಲಿ 40ನೆಯ ಅಧ್ಯಾಯದಿಂದ ದನಿ ಥಟ್ಟನೆ ಬದಲಾಗುತ್ತದೆ. ಬೆದರಿಕೆ ನಿಂತು ಸಾಂತ್ವನ ತೊಡಗುತ್ತದೆ. 40ರಿಂದ 55ರವರೆಗಿನ ಭಾಗ ಎಂಟನೆಯ ಶತಮಾನದ ಯೆಶಾಯನದಲ್ಲ, ಸೆರೆವಾಸದ ಕೊನೆಯ ವರ್ಷಗಳ ಹೆಸರಿಲ್ಲದ ಪ್ರವಾದಿಯೊಬ್ಬನದು ಎಂದು ಹದಿನೆಂಟನೆಯ ಶತಮಾನದ ಕೊನೆಯಿಂದ ವಿದ್ವಾಂಸರು ವಾದಿಸುತ್ತ ಬಂದಿದ್ದಾರೆ. ಪ್ರಾಚೀನ ಓದುಗರಿಗೆ ಅದು ಒಂದೇ ಗ್ರಂಥ. 1947ರಲ್ಲಿ ಮೃತ ಸಮುದ್ರದ ಬಳಿಯ ಗುಹೆಯಲ್ಲಿ ಸಿಕ್ಕ ಯೆಶಾಯನ ದೊಡ್ಡ ಸುರುಳಿಯಲ್ಲಿ 39ನೆಯ ಅಧ್ಯಾಯ ಮುಗಿದ ಅಂಕಣದ ಕೊನೆಯ ಸಾಲಿನಲ್ಲೇ 40ನೆಯದು ಶುರುವಾಗುತ್ತದೆ.

ಈ ಪ್ರವಾದಿ ದೇವರನ್ನು ಮತ್ತೆ ಮತ್ತೆ ‘ಗೋಏಲ್’ ಎಂದು ಕರೆಯುತ್ತಾನೆ. ಅನುವಾದಗಳಲ್ಲಿ ಅದು ವಿಮೋಚಕ ಎಂಬ ದೊಡ್ಡ ಪದವಾಗಿದೆ. ಮೂಲದಲ್ಲಿ ಅದು ಊರಿನ ನ್ಯಾಯದ ಪದ. ಬಡತನದಿಂದ ಒಬ್ಬ ಹೊಲ ಮಾರಿದರೆ ಅದನ್ನು ಬಿಡಿಸಿಕೊಳ್ಳುವ, ಸಾಲಕ್ಕೆ ತನ್ನನ್ನೇ ಮಾರಿಕೊಂಡರೆ ಹಣ ಕೊಟ್ಟು ಬಿಡಿಸಿ ತರುವ ಹತ್ತಿರದ ರಕ್ತಸಂಬಂಧಿಯೇ ಗೋಏಲ್. ಹನಮೇಲ ಸೆರೆಗೆ ಬಂದು ಯೆರೆಮೀಯನಿಗೆ ನೆನಪಿಸಿದ್ದು ಈ ಹೊಣೆಯನ್ನೇ. ಈಗ ಅದೇ ಪದ ದೇವರ ಮೇಲೆ ಕೂರುತ್ತದೆ. ಜನ ಒತ್ತೆಬಿದ್ದಿದ್ದಾರೆ, ಬಿಡಿಸುವ ಹೊಣೆ ಹತ್ತಿರದ ನೆಂಟನದು, ಆ ನೆಂಟ ದೇವರು. ಕರುಳಿನ ಮಾತೂ ಇಲ್ಲಿ ತುದಿ ಮುಟ್ಟುತ್ತದೆ. ಹಾಲೂಡಿಸುವ ತಾಯಿ ಕೂಸನ್ನು ಮರೆತರೂ ದೇವರು ಮರೆಯನೆಂದು 49ನೆಯ ಅಧ್ಯಾಯ ಹೇಳುತ್ತದೆ.

ಬಿಡಿಸುವ ಕೈ ಯಾರದು ಎಂಬ ಪ್ರಶ್ನೆಗೆ ಬಂದ ಉತ್ತರ ಕೇಳುಗರನ್ನು ತಬ್ಬಿಬ್ಬುಗೊಳಿಸಿರಬೇಕು. ದಾವೀದನ ವಂಶದವನಲ್ಲ, ಪರ್ಷಿಯದ ಅರಸ ಕೋರೆಷ. ಇಸ್ರಾಯೇಲಿನ ಅರಸರಿಗೆ ಸಲ್ಲುತ್ತಿದ್ದ ‘ಅಭಿಷಿಕ್ತ’ ಎಂಬ ಬಿರುದನ್ನು 45ನೆಯ ಅಧ್ಯಾಯ, ಇಸ್ರಾಯೇಲಿನ ದೇವರನ್ನು ಅರಿಯದವನೆಂದು ಒಪ್ಪಿಕೊಂಡೇ, ಈ ಅನ್ಯನಿಗೆ ಕೊಡುತ್ತದೆ.

ಕ್ರಿ.ಪೂ. 539ರಲ್ಲಿ ಕೋರೆಷ ಬ್ಯಾಬಿಲೋನನ್ನು ಗೆದ್ದ. ಅವನ ಘೋಷಣೆಯ ಮಣ್ಣಿನ ಉರುಳೆಯನ್ನು ಹೊರ್ಮುಜ್ದ್ ರಸ್ಸಾಮ್ 1879ರಲ್ಲಿ ಬ್ಯಾಬಿಲೋನಿನಲ್ಲಿ ಕಂಡುಹಿಡಿದರು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅದು 2013ರ ಕೊನೆಯಲ್ಲಿ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೂ ಪ್ರದರ್ಶನಕ್ಕೆ ಬಂದಿತ್ತು. ಅದರಲ್ಲಿ ಯೆಹೂದದ ಹೆಸರಿಲ್ಲ. ಕೋರೆಷನ ಕೈಹಿಡಿದು ಕರೆತಂದವನು ಅಲ್ಲಿ ಮರ್ದೂಕ. ಚದುರಿದ ದೇವತಾಮೂರ್ತಿಗಳನ್ನು ಅವುಗಳ ನೆಲೆಗೂ, ಜನರನ್ನು ಅವರ ಊರಿಗೂ ಮರಳಿಸಿದ್ದನ್ನು ಅದು ಹೇಳುತ್ತದೆ. ಬ್ಯಾಬಿಲೋನಿನ ಪುರೋಹಿತರು ಒಂದು ಘಟನೆಯಲ್ಲಿ ತಮ್ಮ ದೇವರ ಕರುಣೆ ಕಂಡರು. ಕಾಲುವೆಯಾಚೆಯ ಸೆರೆಯವರು ಅದೇ ಘಟನೆಯಲ್ಲಿ ತಮ್ಮ ದೇವರ ಕರುಳನ್ನು ಕಂಡರು. ಕೋರೆಷನಿಗೆ ಅದು ಸಾಮ್ರಾಜ್ಯ ನಡೆಸುವ ಜಾಣತನವೂ ಆಗಿತ್ತು.

ಕರುಣೆ ಯಾರಿಗೆ

ಮರಳಿದವರು 42,360 ಜನ ಎಂದು ಎಜ್ರನ ಗ್ರಂಥ ಲೆಕ್ಕ ಕೊಡುತ್ತದೆ. ಪರ್ಷಿಯನ್ನರ ಕಾಲದ ಯೆರೂಸಲೇಮ್ ಬಹಳ ಸಣ್ಣ ಊರಾಗಿತ್ತೆಂದು ಕಂಡಿರುವ ಪುರಾತತ್ವಜ್ಞರು, ಜನ ಒಮ್ಮೆಗೇ ಅಲ್ಲ, ಹಲವು ತಲೆಮಾರುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಂದಿರಬೇಕೆಂದು ಊಹಿಸುತ್ತಾರೆ. ಬಹಳ ಜನ ಬರಲೇ ಇಲ್ಲ. ಯೆರೆಮೀಯನ ಮಾತಿನಂತೆ ನೆಟ್ಟ ತೋಟಗಳನ್ನು ಬಿಟ್ಟುಬರುವುದು ಸುಲಭವಿರಲಿಲ್ಲ. ಬಂದವರಿಗೆ ಸಿಕ್ಕಿದ್ದು ಪಾಳುಬಿದ್ದ ಊರು, ಕೈಕೊಟ್ಟ ಬೆಳೆ. ಕ್ರಿ.ಪೂ. 520ರಲ್ಲಿ ಹಗ್ಗಾಯ ಪ್ರವಾದಿ ಹಲಗೆ ಹೊದಿಸಿದ ಮನೆಗಳಲ್ಲಿ ಕೂತವರನ್ನು ಗದರಿಸಿ ದೇವಾಲಯದ ಕೆಲಸಕ್ಕೆ ಎಬ್ಬಿಸಬೇಕಾಯಿತು. 515ರಲ್ಲಿ ಅದು ಮುಗಿಯಿತು. ಅಡಿಪಾಯ ಹಾಕಿದ ದಿನ ಎಳೆಯರು ಸಂತೋಷದಿಂದ ಕೂಗಿದರೆ, ಹಳೆಯ ದೇವಾಲಯವನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರಂತೆ. ಯಾವುದು ಅಳು, ಯಾವುದು ಹರ್ಷ ಎಂದು ದೂರದವರಿಗೆ ತಿಳಿಯಲಿಲ್ಲ ಎನ್ನುತ್ತದೆ ಎಜ್ರನ ಗ್ರಂಥ.

ಅದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿತ್ತು. ಸೆರೆಹೋದವರ ಹಿಂದೆ ನಾಡಿನಲ್ಲೇ ಉಳಿದವರೂ ಇದ್ದರು. ಖಾಲಿಬಿದ್ದ ಹೊಲಗಳನ್ನು ಅವರು ಉಳುತ್ತಿದ್ದರು. ಮರಳುವಿಕೆಯ ವಾಗ್ದಾನ ಯಾರದು? ಎಜ್ರನ ಕಾಲದ ಉತ್ತರ ಬೇಲಿ ಹಾಕುವುದು. ಅನ್ಯಜಾತಿಯ ಹೆಂಡಂದಿರನ್ನೂ ಅವರ ಮಕ್ಕಳನ್ನೂ ಕಳಿಸಿಬಿಡುವ ತೀರ್ಮಾನ ಆಯಿತು. ಕರಗಿಹೋಗುವ ಭಯ ಅದರ ಹಿಂದಿತ್ತು. ಆದರೆ ಹಾಗೆ ಮನೆಬಿಟ್ಟುಹೋದ ಹೆಂಗಸರ ಪಾಲಿಗೆ ಕರುಳಿನ ದೇವರು ಎಲ್ಲಿದ್ದ ಎಂದು ಆ ಗ್ರಂಥ ಕೇಳುವುದಿಲ್ಲ. ಯೆಶಾಯನ 56ನೆಯ ಅಧ್ಯಾಯದ ಉತ್ತರ ಬೇರೆ: ದೇವರನ್ನು ಆತುಕೊಂಡ ಪರದೇಶಿಗೂ ನಪುಂಸಕನಿಗೂ ಆಲಯದಲ್ಲಿ ಜಾಗವಿದೆ.

ಯೋನನ ಪುಟ್ಟ ಕಥೆ ಇನ್ನೂ ಮುಂದಕ್ಕೆ ಹೋಗುತ್ತದೆ. ಬಹುಪಾಲು ವಿದ್ವಾಂಸರು ಅದನ್ನು ಸೆರೆವಾಸದ ನಂತರದ ರಚನೆಯೆಂದು ಎಣಿಸುತ್ತಾರೆ. ಅಲ್ಲಿ ಪ್ರವಾದಿಯನ್ನು ಕಳಿಸುವುದು ನಿನೆವೆಗೆ, ಹತ್ತು ಕುಲಗಳನ್ನು ಅಳಿಸಿದ ಅಶ್ಶೂರದ ಪಟ್ಟಣಕ್ಕೆ. ಊರು ಪಶ್ಚಾತ್ತಾಪಪಟ್ಟು ಉಳಿದಾಗ ಯೋನ ಸಿಡಿಮಿಡಿಗೊಳ್ಳುತ್ತಾನೆ. ನೀನು ಕರುಣಾಳುವೆಂದು ಗೊತ್ತಿದ್ದೇ ನಾನು ಓಡಿಹೋದದ್ದು ಎಂಬುದು ಅವನ ದೂರು. ಇಸ್ರಾಯೇಲ್ ತಲೆಮಾರುಗಳಿಂದ ಹಾಡಿದ ದೇವರ ಗುಣವೇ ಇಲ್ಲಿ ಆರೋಪಪಟ್ಟಿ. ಕಥೆ ಮುಗಿಯುವುದು ದೇವರ ಪ್ರಶ್ನೆಯಲ್ಲಿ: ಒಣಗಿದ ಬಳ್ಳಿಗಾಗಿ ನೀನು ಮರುಗುವೆಯಾದರೆ, ಇಷ್ಟೊಂದು ಜನ, ಇಷ್ಟೊಂದು ದನಕರು ಇರುವ ಊರಿಗಾಗಿ ನಾನು ಮರುಗಬಾರದೆ? ಯೋನನ ಉತ್ತರ ಗ್ರಂಥದಲ್ಲಿಲ್ಲ. ಯೆಹೂದಿಗಳು ವರ್ಷಕ್ಕೊಮ್ಮೆ ತಮ್ಮ ತಪ್ಪುಗಳಿಗೆ ಕ್ಷಮೆ ಬೇಡಿ ಉಪವಾಸವಿರುವ ಯೋಮ್ ಕಿಪ್ಪೂರ್ ದಿನದ ಮಧ್ಯಾಹ್ನ ಸಿನಗಾಗ್‌ಗಳಲ್ಲಿ ಓದುವುದು ಈ ಕಥೆಯನ್ನೇ. ತಮಗಾಗಿ ಕರುಣೆ ಕೇಳುವ ದಿನ, ಶತ್ರುವಿಗೆ ಸಿಕ್ಕ ಕರುಣೆಯನ್ನು ನೆನೆಯುವ ಏರ್ಪಾಡು ಅದು.

ಯೆರೆಮೀಯ ಇದಾವುದನ್ನೂ ಕಾಣಲಿಲ್ಲ. ಪಟ್ಟಣ ಬಿದ್ದ ಮೇಲೆ ಓಡಿಹೋಗುತ್ತಿದ್ದ ಗುಂಪೊಂದು ಅವನನ್ನೂ ಬಾರೂಕನನ್ನೂ ಐಗುಪ್ತಕ್ಕೆ ಎಳೆದೊಯ್ದಿತು. ಅವನ ಕೊನೆಯ ಮಾತುಗಳು ಆ ನೆಲದವು. ಕೊಂಡ ಹೊಲದಲ್ಲಿ ಅವನು ಒಂದು ಸಾಲೂ ಉಳಲಿಲ್ಲ. ಗಡಿಗೆ ಏನಾಯಿತೆಂದು ಯಾವ ಗ್ರಂಥವೂ ಹೇಳುವುದಿಲ್ಲ.

ಆದರೆ ಎಜ್ರನ ಎರಡನೆಯ ಅಧ್ಯಾಯದಲ್ಲಿ ಊರೂರಿಗೆ ಮರಳಿದವರ ನೀರಸವಾದ ಪಟ್ಟಿಯೊಂದಿದೆ. ನೆಹೆಮೀಯನ ಗ್ರಂಥದಲ್ಲೂ ಅದೇ ಪಟ್ಟಿ ಮತ್ತೆ ಬರುತ್ತದೆ. ಹೆಸರು, ಸಂಖ್ಯೆ, ಹೆಸರು, ಸಂಖ್ಯೆ. ಓದುಗರು ಸಾಮಾನ್ಯವಾಗಿ ದಾಟಿಹೋಗುವ ಪುಟ ಅದು. ಅದರ ನಡುವೆ, ನೆಟೋಫದವರ ನಂತರ, ಒಂದು ಸಾಲು ಅನಾತೋತಿನದು. ಮರಳಿ ಬಂದ ಗಂಡಸರು 128.